‘ಎಷ್ಟಕ್ಕೆ ತಗೊಂಡೆ?’: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಇಬ್ಬರ ಒಪ್ಪಿಗೆಯೂ ಇದೆ.)

ಗಂಡ ಹೆಂಡತಿ ಒಟ್ಟಿಗೇ ಬಂದರು. ಆತನ ಕೈಯಲ್ಲಿ ಮೊಬೈಲು, ಆಕೆಯ ಕೈಯಲ್ಲಿ ಅಂಚು ಮುದುಡಿದ ನೋಟ್‌ಬುಕ್ಕು. ಇಬ್ಬರೂ ನಲವತ್ತು ದಾಟಿದವರು, ಇಬ್ಬರಿಗೂ ಕೆಲಸವಿದೆ, ಸಾಲವಿಲ್ಲ. ಕೂತ ಎರಡನೇ ನಿಮಿಷಕ್ಕೇ ಆತ ಮೊಬೈಲನ್ನು ನನ್ನ ಕಡೆ ತಿರುಗಿಸಿದರು. ಪರದೆಯ ಮೇಲೊಂದು ಪಟ್ಟಿ: 19 ವಾಷಿಂಗ್ ಮಷೀನುಗಳು, ಒಂದೊಂದಕ್ಕೂ 14 ಕಾಲಂ. ಮನೆಯ ಮಷೀನು ಕೆಟ್ಟು ಹನ್ನೊಂದು ವಾರವಾಗಿತ್ತು.

“ನಾನು ಒಂದು ಸಾಮಾನು ತರಬೇಕಾದರೆ ಇಷ್ಟು ನೋಡ್ತೀನಿ ಮೇಡಂ. ಇವಳು ನೋಡಿ, ಬಟ್ಟೆ ಸೋಪಿನ ಪುಡಿ ಹದಿನೆಂಟು ಪ್ಯಾಕೆಟ್ ತಂದಿಟ್ಟಿದ್ದಾಳೆ. ಮಷೀನೇ ಇಲ್ಲ!”

“ಮಷೀನು ಯಾಕಿಲ್ಲ ಅಂತ ಇವರನ್ನೇ ಕೇಳಿ,” ಎಂದರು ಆಕೆ.

ಆತನ ದೂರು ನೇರವಾಗಿತ್ತು: ಹೆಂಡತಿಗೆ ಶಾಪಿಂಗ್ ಚಟ. ಕಪಾಟಿನಲ್ಲಿ ಬಿಚ್ಚದ ಡಬ್ಬಗಳು, ಹಾಕದ ಚಪ್ಪಲಿಗಳು, ಒಂದೇ ಬಗೆಯ ಟವೆಲ್ಲುಗಳ ರಾಶಿ. ಕೊಳ್ಳುವ ಹುಚ್ಚೆಂಬುದು ಇಲ್ಲದ ಮಾತಲ್ಲ. ಜರ್ಮನಿಯ ಮನೋವೈದ್ಯ ಎಮಿಲ್ ಕ್ರೆಪೆಲಿನ್ 1915ರಷ್ಟು ಹಿಂದೆಯೇ ಅದನ್ನು ಬಣ್ಣಿಸಿದ್ದರು. ಹಾಗಾಗಿ ನಾನು ಅದರ ಲಕ್ಷಣಗಳನ್ನೇ ಹುಡುಕುತ್ತ ಹೋದೆ. ತಂದದ್ದನ್ನು ಬಚ್ಚಿಡುತ್ತೀರಾ? ಸಾಲ ಮಾಡಿದ್ದೀರಾ? ಕೊಳ್ಳದಿದ್ದರೆ ಚಡಪಡಿಕೆಯೇ? ಮೂರಕ್ಕೂ ಇಲ್ಲ ಎಂದರು. ಆದರೂ ನಾನು ಗಂಡನ ರೋಗನಿರ್ಣಯವನ್ನು ಅರ್ಧ ಒಪ್ಪಿಕೊಂಡುಬಿಟ್ಟಿದ್ದೆ. ಮೂರು ವಾರ ಖರ್ಚು ಬರೆದಿಡಿ ಎಂದು ಆಕೆಗೆ ಮಾತ್ರ ಹೇಳಿ ಕಳಿಸಿದೆ. ಅದು ನನ್ನ ತಪ್ಪು. ಜಗಳ ಇಬ್ಬರದು, ಮನೆಗೆಲಸ ಕೊಟ್ಟದ್ದು ಒಬ್ಬರಿಗೆ.

ಮೂರು ವಾರದ ನಂತರ ಆ ನೋಟ್‌ಬುಕ್ಕು ತೆರೆದಾಗ ಕಣ್ಣಿಗೆ ಬಿದ್ದದ್ದು ಖರ್ಚಲ್ಲ. ಪ್ರತಿ ಸಾಲಿನ ಕೊನೆಯಲ್ಲೂ ‘ಉಳಿದದ್ದು’ ಎಂಬ ಇನ್ನೊಂದು ಕಾಲಂ ಇತ್ತು. ಹೊಡೆದುಹಾಕಿದ ಬೆಲೆಗೂ ಕೊಟ್ಟ ಬೆಲೆಗೂ ಇರುವ ವ್ಯತ್ಯಾಸ. ಅದನ್ನು ಪುಟದ ಕೆಳಗೆ ಕೂಡಿಸಿ ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿದ್ದರು. ಖರ್ಚಿನ ಮೊತ್ತವನ್ನು ಎಲ್ಲೂ ಕೂಡಿಸಿರಲಿಲ್ಲ.

“ಈ ಕಾಲಂ ಯಾರಿಗೆ?” ಎಂದು ಕೇಳಿದೆ.

ಆಕೆ ಗಂಡನ ಕಡೆ ನೋಡಿದರು. “ಇವರು ಕೇಳ್ತಾರಲ್ಲ.”

ಏನು ಕೇಳುತ್ತಾರೆ? ನಿಧಾನಕ್ಕೆ ಹೊರಬಂತು. ಆಕೆ ಯಾವ ಸಾಮಾನು ತಂದರೂ ಚೀಲ ಕೆಳಗಿಡುವ ಮೊದಲೇ ಒಂದು ಪ್ರಶ್ನೆ: “ಎಷ್ಟಕ್ಕೆ ತಗೊಂಡೆ?” ಉತ್ತರ ಹೇಳಿದ ಮೇಲೆ ಆತ ಮೊಬೈಲಿನಲ್ಲಿ ಅದೇ ಸಾಮಾನು ಹುಡುಕಿ, ಎಲ್ಲಾದರೂ ಕಡಿಮೆಗೆ ಕಂಡರೆ ತೋರಿಸುತ್ತಾರೆ. ಬೈಯುವುದಿಲ್ಲ, ಕೂಗುವುದಿಲ್ಲ. “ಸುಮ್ನೆ ಹೇಳಿದೆ, ಮುಂದಿನ ಸಲ ಗೊತ್ತಿರಲಿ ಅಂತ,” ಎನ್ನುತ್ತಾರೆ. ಹದಿನೇಳು ವರ್ಷ ಹೀಗೆ ನಡೆದಿದೆ. ಈ ಪರೀಕ್ಷೆಯಲ್ಲಿ ಪಾಸಾಗುವ ದಾರಿಯನ್ನು ಆಕೆ ಕಂಡುಕೊಂಡಿದ್ದರು. ಭಾರಿ ರಿಯಾಯಿತಿ ಇದ್ದದ್ದನ್ನು ಮಾತ್ರ ಕೊಂಡರೆ ಪ್ರಶ್ನೆಗೆ ಉತ್ತರ ಬಿಲ್ಲಿನ ಮೇಲೇ ಇರುತ್ತದೆ.

ಇದರ ಬೆಲೆ ಎಲ್ಲಿ ತೆತ್ತಿದ್ದರು ಎಂಬುದು ಮುಂದಿನ ಭೇಟಿಯಲ್ಲಿ ತಿಳಿಯಿತು. ಆಕೆಯ ಕೆಲಸ ದಿನವಿಡೀ ನಿಂತು ಮಾಡುವಂಥದ್ದು. ವರ್ಷದಿಂದ ಹಿಮ್ಮಡಿ ನೋವು. ಮೆತ್ತನೆಯ ಅಟ್ಟೆಯ, ಸರಿಯಾಗಿ ಹೊಂದುವ ಶೂ ಹಾಕಿಕೊಳ್ಳಿ ಎಂದು ವೈದ್ಯರು ಹೇಳಿದ್ದರು. ಅಂಥದ್ದಕ್ಕೆ ಆಕೆಯ ಅಳತೆಯಲ್ಲಿ ರಿಯಾಯಿತಿ ಬರಲೇ ಇಲ್ಲ. ಬದಲಿಗೆ ಅರ್ಧ ಬೆಲೆಗೆ ಬಂದ ಮೂರು ಜೊತೆ ಚಪ್ಪಲಿ ತಂದರು. ಮೂರೂ ಅರ್ಧ ಸೈಜು ಚಿಕ್ಕವು. ಅವೇ ಕಪಾಟಿನಲ್ಲಿದ್ದ ‘ಹಾಕದ ಚಪ್ಪಲಿ’ಗಳು. ಇದನ್ನು ಹೇಳುವಾಗ ಗಂಡ ಮೊದಲ ಬಾರಿಗೆ ಮೊಬೈಲನ್ನು ಜೇಬಿಗೆ ಹಾಕಿದರು.

ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ 1985ರ ತಮ್ಮ ಲೇಖನದಲ್ಲಿ ಕೊಳ್ಳುವ ಸುಖವನ್ನು ಎರಡಾಗಿ ಬಿಡಿಸಿದ್ದರು. ವಸ್ತು ನಮಗೆ ಎಷ್ಟು ಉಪಯೋಗ, ಅದಕ್ಕೆ ಎಷ್ಟು ಕೊಟ್ಟೆವು ಎಂಬುದು ಒಂದು. ನಾವು ಅಂದುಕೊಂಡ ಬೆಲೆಗಿಂತ ಕಡಿಮೆಗೆ ಸಿಕ್ಕಿತು ಎಂಬ ಖುಷಿ ಇನ್ನೊಂದು. ಎರಡನೆಯದು ಬಿಲ್ ಕೈಗೆ ಬಂದ ಗಳಿಗೆಗೇ ಮುಗಿದುಹೋಗುತ್ತದೆ, ಮೊದಲನೆಯದು ವಸ್ತು ಸವೆಯುವವರೆಗೂ ಇರುತ್ತದೆ. ಆಕೆಯ ಮೂರು ಜೊತೆ ಚಪ್ಪಲಿಯಲ್ಲಿ ಇದ್ದದ್ದು ಬರೀ ಎರಡನೆಯ ಸುಖ. ಈ ಮಾತನ್ನು ಪಾಠದಂತೆ ಹೇಳಲಿಲ್ಲ. ಒಂದು ಲೆಕ್ಕ ಮಾಡಿಸಿದೆ ಅಷ್ಟೆ: ವೈದ್ಯರು ಹೇಳಿದ ಶೂವಿನ ಪೂರ್ತಿ ಬೆಲೆಯನ್ನು ಅದನ್ನು ಹಾಕುವ ದಿನಗಳಿಂದ ಭಾಗಿಸಿ, ಚಪ್ಪಲಿಗಳ ಬೆಲೆಯನ್ನು ಹಾಕಿದ ದಿನಗಳಿಂದ ಭಾಗಿಸಿ. ಮೊದಲನೆಯದಕ್ಕೆ ಉತ್ತರ ಬಂತು. ಎರಡನೆಯದರಲ್ಲಿ ಆಕೆ ಪೆನ್ನು ಕೆಳಗಿಟ್ಟು, “ಸೊನ್ನೆಯಿಂದ ಭಾಗಿಸೋಕಾಗಲ್ಲ ಮೇಡಂ,” ಎಂದರು. ಮೂವರೂ ನಕ್ಕೆವು. ಆ ನಗುವಿನಿಂದಲೇ ಕೆಲಸ ಶುರುವಾಯಿತು ಎನ್ನಬಹುದು.

ಸೋಪಿನ ಪುಡಿಯ ಲೆಕ್ಕ ಇನ್ನೂ ಕುತೂಹಲದ್ದು. ‘ಫ್ಯಾಮಿಲಿ ಪ್ಯಾಕ್, ವಿಶೇಷ ಉಳಿತಾಯ’ ಎಂಬ ದೊಡ್ಡ ಪ್ಯಾಕೆಟ್ಟುಗಳನ್ನು ನಾವು ಒಂದು ಕೆಜಿಗೆ ಇಳಿಸಿ ನೋಡಿದೆವು. ಆಕೆ ಮೊದಲು ತರುತ್ತಿದ್ದ ಮಧ್ಯಮ ಗಾತ್ರದ್ದೇ, ಯಾವ ರಿಯಾಯಿತಿಯೂ ಇಲ್ಲದೆ, ಕೆಜಿಗೆ ಅಗ್ಗವಾಗಿತ್ತು. ದೊಡ್ಡದು ಅಗ್ಗ ಎಂಬ ನಂಬಿಕೆ ಬಹಳ ಸಲ ನಿಜ, ಆದರೆ ಯಾವಾಗಲೂ ನಿಜವಲ್ಲ. ಪ್ಯಾಕೆಟ್ಟಿನ ಗಾತ್ರ ಹಾಗೇ ಇದ್ದು ಒಳಗಿನ ಗ್ರಾಂ ಇಳಿದಿರುವುದೂ ಉಂಟು. ಹೋಲಿಸಬೇಕಾದದ್ದು ಹೊಡೆದುಹಾಕಿದ ಬೆಲೆಯನ್ನಲ್ಲ, ಕೆಜಿಗೋ ಲೀಟರಿಗೋ ಎಷ್ಟು ಬೀಳುತ್ತದೆ ಎಂಬುದನ್ನು. ಹೊಡೆದುಹಾಕಿದ ಅಂಕಿ ಅಲ್ಲಿರುವುದೇ ನಮ್ಮ ಮನಸ್ಸಿನಲ್ಲಿ ಒಂದು ಎತ್ತರದ ಗೂಟ ನೆಡಲು. ಆಮೇಲೆ ಅದರ ಕೆಳಗಿರುವ ಯಾವ ಬೆಲೆಯೂ ತಗ್ಗಾಗಿಯೇ ಕಾಣುತ್ತದೆ.

ಇನ್ನು ಗಂಡ. ಆತನ ಬಗ್ಗೆ ನನಗೆ ಹೆಚ್ಚು ಕಾಳಜಿ ಹುಟ್ಟಿತು, ಯಾಕೆಂದರೆ ತನಗೆ ಯಾವ ಸಮಸ್ಯೆಯೂ ಇಲ್ಲವೆಂದು ಆತ ನಂಬಿದ್ದರು. ಕೊಂಡ ಸಾಮಾನು ನಿಮಗೆ ಸಂತೋಷ ಕೊಡುತ್ತದೆಯೇ ಎಂದು ಕೇಳಿದರೆ, “ಕೊಡುತ್ತೆ, ಆದರೆ ಆಮೇಲೂ ಬೆಲೆ ನೋಡ್ತಾ ಇರ್ತೀನಿ, ಇಳಿದರೆ ಬೇಜಾರಾಗುತ್ತೆ,” ಎಂದರು. ಹೋದ ವರ್ಷ ಕೊಂಡ ಲ್ಯಾಪ್‌ಟಾಪಿನ ಬೆಲೆಯನ್ನು ಈಗಲೂ ನೋಡುತ್ತಿದ್ದರು!

ಇಂಥವರ ಬಗ್ಗೆ ಶೀನಾ ಅಯ್ಯಂಗಾರ್, ರೇಚಲ್ ವೆಲ್ಸ್, ಬ್ಯಾರಿ ಶ್ವಾರ್ಟ್ಸ್ ಸೇರಿ 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಓದು ಮುಗಿಸಿ ಕೆಲಸ ಹುಡುಕುತ್ತಿದ್ದವರನ್ನು ಅವರು ಹಿಂಬಾಲಿಸಿದರು. ‘ಇರುವುದರಲ್ಲೆಲ್ಲ ಅತ್ಯುತ್ತಮವೇ ಬೇಕು’ ಎನ್ನುವವರಿಗೆ ಉಳಿದವರಿಗಿಂತ ಸುಮಾರು ಶೇ. 20ರಷ್ಟು ಹೆಚ್ಚಿನ ಸಂಬಳದ ಕೆಲಸ ಸಿಕ್ಕಿತು. ಆದರೆ ಸಿಕ್ಕ ಕೆಲಸದ ಬಗ್ಗೆ ತೃಪ್ತಿ ಕಡಿಮೆಯಿದ್ದದ್ದೂ ಅವರಿಗೇ. ಇದನ್ನು ಹೇಳಿದಾಗ ಆತನ ಮೊದಲ ಪ್ರತಿಕ್ರಿಯೆ: “ಆದರೂ ಶೇ. 20 ಜಾಸ್ತಿ ಅಲ್ವಾ?” ಹೌದು, ಜಾಸ್ತಿಯೇ. ಆತನ ಹುಡುಕಾಟ ದಡ್ಡತನವಲ್ಲ ಎಂದು ಒಪ್ಪಿಕೊಳ್ಳದೆ ಮುಂದೆ ಹೋಗುವಂತಿರಲಿಲ್ಲ.

ಹಾಗಾಗಿ ಆತನ ಪಟ್ಟಿಯನ್ನು ಅಳಿಸಲು ಹೇಳಲಿಲ್ಲ, ಅದಕ್ಕೆ ಹದಿನೈದನೆಯ ಕಾಲಂ ಸೇರಿಸಲು ಹೇಳಿದೆ: ‘ಕಾಯುವ ಬೆಲೆ’. ಮೊದಲು ಬಂದಾಗಿನ ಹನ್ನೊಂದು ವಾರವನ್ನಷ್ಟೇ ಹಿಡಿದರೂ 77 ದಿನ. ದಿನಕ್ಕೆ ಸುಮಾರು 40 ನಿಮಿಷ ಕೈಯಲ್ಲಿ ಬಟ್ಟೆ ಒಗೆಯುವುದು. ಆತನೇ ಗುಣಿಸಿದರು. 51 ಗಂಟೆಗೂ ಹೆಚ್ಚು. ಒಗೆದದ್ದು ಬಹುಪಾಲು ಆಕೆ, ಹಿಮ್ಮಡಿ ನೋವಿನಲ್ಲಿ ನಿಂತು. 19 ಮಷೀನುಗಳಲ್ಲಿ ಆತ ಗಂಭೀರವಾಗಿ ತೂಗುತ್ತಿದ್ದ ಮೂರರ ಬೆಲೆಯ ವ್ಯತ್ಯಾಸವನ್ನು ಆಕೆಯ ಅರ್ಧ ದಿನದ ದುಡಿಮೆ ಸರಿಗಟ್ಟುತ್ತಿತ್ತು. ಆತ ಬಹಳ ಹೊತ್ತು ಮಾತಾಡಲಿಲ್ಲ.

ನಾನು ಕೊಟ್ಟ ಸಲಹೆಗಳಲ್ಲಿ ಹೆಚ್ಚು ಹೊತ್ತು ತೆಗೆದುಕೊಂಡದ್ದು ಒಂದೇ, ಅದು ಹಣದ್ದಲ್ಲ, ಮಾತಿನದು. ಮನೆಗೆ ಬಂದ ಸಾಮಾನಿನ ಬೆಲೆ ಕೇಳುವಂತಿಲ್ಲ. ಕೇಳುವುದಿದ್ದರೆ ಕೊಳ್ಳುವ ಮೊದಲು. ಇಬ್ಬರೂ ಕೂತು ಒಂದು ಮೊತ್ತ ನಿಗದಿ ಮಾಡಿಕೊಳ್ಳಬೇಕು. ಅದಕ್ಕಿಂತ ಕೆಳಗಿನ ಖರೀದಿ ಅವರವರ ಇಷ್ಟ, ಮೇಲಿನದು ಮಾತಾಡಿ. ತಂದ ಮೇಲೆ ನೋಡಬೇಕಾದದ್ದು ವಸ್ತು ಸರಿ ಇದೆಯೇ, ಹೊಂದುತ್ತದೆಯೇ, ಬಿಲ್ಲಿನಲ್ಲಿ ತಪ್ಪಿಲ್ಲವೇ, ವಾಪಸು ಕೊಡುವ ಅವಧಿ ಎಂದಿನವರೆಗೆ ಎಂಬುದನ್ನು ಮಾತ್ರ. “ಕಡಿಮೆಗೆ ಸಿಗ್ತಿತ್ತು ಅಂತ ಗೊತ್ತಾದರೂ ಹೇಳಬಾರದಾ?” ಎಂದು ಆತ ಕೇಳಿದರು. ಮುಂದಿನ ಸಲ ಕೊಳ್ಳುವ ಮುನ್ನ ಹೇಳಿ ಎಂದೆ.

ಆಕೆಗೆ: ನೋಟ್‌ಬುಕ್ಕಿನಿಂದ ‘ಉಳಿದದ್ದು’ ಕಾಲಂ ತೆಗೆದು, ಆ ಜಾಗದಲ್ಲಿ ‘ಬಳಸಲು ಶುರು ಮಾಡಿದ ದಿನ’ ಬರೆಯಿರಿ. ಆ ಜಾಗ ತಿಂಗಳುಗಟ್ಟಲೆ ಖಾಲಿ ಉಳಿದರೆ ಯಾರೂ ಏನೂ ಹೇಳಬೇಕಾಗಿಲ್ಲ. ಅಂಗಡಿಯಲ್ಲಿ ರಿಯಾಯಿತಿ ಕಂಡಾಗ ಕೇಳಿಕೊಳ್ಳಬೇಕಾದ ಪ್ರಶ್ನೆ: ಈ ಚೀಟಿ ಇಲ್ಲದೆ ಇದೇ ಬೆಲೆ ಬರೆದಿದ್ದರೆ ತೆಗೆದುಕೊಳ್ಳುತ್ತಿದ್ದೆನೇ? ಮತ್ತು ಮೊದಲು ಶೂ, ಈ ವಾರವೇ, ಪೂರ್ತಿ ಬೆಲೆಗೆ. ಸಂಜೆ ಹೊತ್ತು ಹೋಗಿ ಹಾಕಿ ನೋಡಿ ಎಂದೂ ಹೇಳಿದೆ, ದಿನವಿಡೀ ನಿಂತ ಕಾಲು ಆಗ ಸ್ವಲ್ಪ ಊದಿರುತ್ತದೆ. (ಇದು ಆಪ್ತಸಲಹೆಯಲ್ಲ, ಅನುಭವ.)

ಆತನಿಗೆ ಹರ್ಬರ್ಟ್ ಸೈಮನ್ ನೆರವಾದರು. ಎಲ್ಲ ಆಯ್ಕೆಗಳನ್ನೂ ತೂಗಿ ಅತ್ಯುತ್ತಮವನ್ನು ಆರಿಸುವುದು ನಮ್ಮ ಅಳವಿಗೆ ಮೀರಿದ್ದು, ಸಾಕೆನಿಸುವ ಮಟ್ಟವೊಂದನ್ನು ಇಟ್ಟುಕೊಂಡು ಅದನ್ನು ಮುಟ್ಟುವ ಆಯ್ಕೆ ಸಿಕ್ಕಾಗ ನಿಲ್ಲುತ್ತೇವೆ ಎಂದು ಈ ವಿದ್ವಾಂಸ 1956ರಲ್ಲೇ ವಾದಿಸಿದ್ದರು. 1978ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ನೊಬೆಲ್ ಎಂದದ್ದಕ್ಕೆ ಆತ ಸ್ವಲ್ಪ ಕಿವಿಗೊಟ್ಟರು ಎಂದು ನನ್ನ ಗುಮಾನಿ. ಮೂರೇ ಷರತ್ತು ಬರೆಯಿರಿ ಎಂದೆ. ನಾಲ್ಕು ಜನರ ಬಟ್ಟೆ ಹಿಡಿಸಬೇಕು, ಕೆಟ್ಟರೆ ರಿಪೇರಿಯವರು ಮತ್ತು ಬಿಡಿಭಾಗ ಹತ್ತಿರದಲ್ಲಿ ಸಿಗಬೇಕು, ನೀರು ಕಡಿಮೆ ಕುಡಿಯಬೇಕು. ಮೂರೂ ದಾಟಿದವು ಐದು. ಐದರಲ್ಲಿ ಅಗ್ಗದ್ದನ್ನು ಭಾನುವಾರ ಸಂಜೆಯೊಳಗೆ ಕೊಳ್ಳುವುದು.

ಭಾನುವಾರ ಕಳೆಯಿತು. ಮಂಗಳವಾರ ಆತನ ಫೋನು: ಹೊಸ ತೊಡಕು. ಆರಿಸಿದ ಮಷೀನು ಮುಂದಿನಿಂದ ಬಟ್ಟೆ ಹಾಕುವಂಥದ್ದು, ಅದಕ್ಕೆ ನೊರೆ ಕಡಿಮೆ ಬರುವ ಪುಡಿಯೇ ಬೇಕು. ಮನೆಯಲ್ಲಿರುವ ಹದಿನೆಂಟು ಪ್ಯಾಕೆಟ್ ಹಳೆಯ ಮಷೀನಿಗೆ ತಂದವು, ಮೇಲಿನಿಂದ ಬಟ್ಟೆ ಹಾಕುವ ಬಗೆಯದಕ್ಕೆ. “ಪುಡಿ ದಂಡವಾಗುತ್ತೆ ಮೇಡಂ. ಅದಕ್ಕೆ ಮತ್ತೆ ಮೇಲಿನಿಂದ ಹಾಕೋದನ್ನೇ ನೋಡೋಣ ಅಂತ ಹೊಸದಾಗಿ ಪಟ್ಟಿ ಮಾಡ್ತಾ ಇದೀನಿ.”

ಪುಡಿಗೆ ತಕ್ಕ ಮಷೀನು! ನಗು ತಡೆದುಕೊಂಡು ಒಂದು ಪ್ರಯೋಗದ ಕಥೆ ಹೇಳಿದೆ. ಹಾಲ್ ಆರ್ಕ್ಸ್ ಮತ್ತು ಕ್ಯಾಥರೀನ್ ಬ್ಲೂಮರ್ 1985ರಲ್ಲಿ ಜನರ ಮುಂದೆ ಒಂದು ಸನ್ನಿವೇಶ ಇಟ್ಟರು. ನೀವು ಎರಡು ಹಿಮಜಾರು ಪ್ರವಾಸಗಳ ಟಿಕೆಟ್ ಕೊಂಡಿದ್ದೀರಿ, ಒಂದು 100 ಡಾಲರಿನದು, ಇನ್ನೊಂದು 50ರದು. 50ರದೇ ಹೆಚ್ಚು ಮಜವಾಗಿರುತ್ತದೆಂದು ನಿಮಗೆ ಅನ್ನಿಸಿದೆ. ಎರಡೂ ಒಂದೇ ವಾರಾಂತ್ಯಕ್ಕೆ ಬಿದ್ದಿವೆ, ಟಿಕೆಟ್ ವಾಪಸು ಇಲ್ಲ. ಅರ್ಧಕ್ಕಿಂತ ಹೆಚ್ಚು ಜನ 100ರದನ್ನೇ ಆರಿಸಿದರು, ಎರಡೂ ಹಣ ಆಗಲೇ ಹೋಗಿಯಾಗಿದ್ದರೂ. ಪುಡಿಯ ಹಣವೂ ಹೋಗಿಯಾಗಿದೆ. ಈಗ ಉಳಿದಿರುವ ಪ್ರಶ್ನೆ ಮುಂದಿನ ಹತ್ತು ವರ್ಷ ಯಾವ ಮಷೀನು ಮನೆಯಲ್ಲಿರಬೇಕು ಎಂಬುದು. ಆತ ಸುಮ್ಮನಿದ್ದರು. ಹಿಂದಿನಿಂದ ಆಕೆಯ ದನಿ ಕೇಳಿಸಿತು: “ಪುಡಿ ನನ್ನ ತಂಗಿಗೆ ಕೊಡ್ತೀನಿ ರೀ, ಅವಳ ಹತ್ತಿರ ಮೇಲಿಂದ ಹಾಕೋದೇ ಇದೆ.”

ಮಷೀನು ಬಂದದ್ದು ಗುರುವಾರ.

ಕೊನೆಯ ಭೇಟಿಗೆ ಆಕೆ ಹೊಸ ಶೂ ಹಾಕಿಕೊಂಡು ಬಂದಿದ್ದರು. ಹಿಮ್ಮಡಿ ನೋವು ಪೂರ್ತಿ ಹೋಗಿಲ್ಲ, ತಗ್ಗಿದೆ ಎಂದರು. ಗಂಡ ಮಷೀನಿನ ಬೆಲೆಯನ್ನು ಆಮೇಲೆ ಎರಡು ಸಲ ನೋಡಿದ್ದಾಗಿ ತಾವೇ ಒಪ್ಪಿಕೊಂಡರು. ಇಳಿದಿತ್ತೇ ಎಂದು ನಾನು ಕೇಳಲಿಲ್ಲ. ಹದಿನೆಂಟು ಪ್ಯಾಕೆಟ್ ಹೊತ್ತುಕೊಂಡು ಹೋದಾಗ ತಂಗಿ ಬಾಗಿಲಲ್ಲೇ ಕೇಳಿದಳಂತೆ, “ಅಯ್ಯೋ ಅಕ್ಕ, ಇಷ್ಟೊಂದಾ! ಎಷ್ಟಕ್ಕೆ ತಗೊಂಡೆ?”

“ಇವರು ನನಗಿಂತ ಮೊದಲು ಬಾಯಿ ಹಾಕಿದರು ಮೇಡಂ,” ಎಂದು ಆಕೆ ಗಂಡನತ್ತ ಕೈ ತೋರಿದರು. “‘ಅದನ್ನ ಕೇಳಬಾರದು, ನಮ್ಮ ಮೇಡಂ ಹೇಳಿದ್ದಾರೆ’ ಅಂದರು.”