ಸಾವಿರಾರು ಸಿಮ್ಯುಲೇಷನ್ ಓಡಿಸಿ ಫಲಿತಾಂಶ ನೋಡಲು ಯಾವ ಟೂಲ್ ಒಳ್ಳೆಯದು?

ಬ್ಯಾಷ್‌ನಲ್ಲಿ ಲೂಪ್ ಹಾಕಿ, ಫೋಲ್ಡರ್ ಹೆಸರಲ್ಲೇ ಪ್ಯಾರಾಮೀಟರ್ ಬರೆದಿಟ್ಟು ಓಡಿಸುತ್ತಿದ್ದೇನೆ, ಈಗ ಕೈಮೀರುತ್ತಿದೆ ಅಂತ ಕೇಳಿದ್ದೀರಿ. ನಿಜ ಹೇಳಬೇಕೆಂದರೆ ಓಡಿಸುವುದು ಸುಲಭ. ಒಂದೇ ಕಂಪ್ಯೂಟರ್ ಇದ್ದರೆ, ಹಲವು ಕಮಾಂಡ್‌ಗಳನ್ನು ಒಟ್ಟಿಗೆ ಓಡಿಸುವ ಗ್ನೂ ಪ್ಯಾರಲಲ್ ಸಾಕು. ಹಲವು ಕಂಪ್ಯೂಟರ್‌ಗಳ ಕ್ಲಸ್ಟರ್, ಅದರಲ್ಲಿ ಜಾಬ್‌ಗಳನ್ನು ಸರದಿಯಲ್ಲಿ ಹಂಚುವ ಸ್ಲರ್ಮ್ ಇದ್ದರೆ ಜಾಬ್ ಅರೇ, ಅಂದರೆ ಒಂದೇ ಸ್ಕ್ರಿಪ್ಟನ್ನು ಬೇರೆ ಬೇರೆ ನಂಬರ್ ಕೊಟ್ಟು ಹಲವು ಜಾಬ್‌ಗಳಾಗಿ ಓಡಿಸುವುದು. ಒಂದು ಹಂತ ಮುಗಿದ ಮೇಲೆ ಇನ್ನೊಂದು ಅಂತ ಸರಪಳಿ ಇದ್ದರೆ ಸ್ನೇಕ್‌ಮೇಕ್ ನೋಡಿ, ಮಧ್ಯೆ ನಿಂತರೂ ಮುಗಿದದ್ದನ್ನು ಬಿಟ್ಟು ಉಳಿದದ್ದನ್ನಷ್ಟೇ ಓಡಿಸುತ್ತದೆ.

ಕಷ್ಟ ಇರುವುದು ಆಮೇಲೆ. ಗ್ರಾಫ್‌ನಲ್ಲಿ ಒಂದು ಚುಕ್ಕಿ ಎಲ್ಲೋ ದೂರ ಬಿದ್ದಿದೆ ಅಂದುಕೊಳ್ಳಿ, ಅದು ಯಾವ ರನ್, ಯಾವ ಪ್ಯಾರಾಮೀಟರ್, ಯಾವ ಕೋಡ್ ಅಂತ ತಕ್ಷಣ ಗೊತ್ತಾಗಬೇಕು, ಅಲ್ವಾ? ಅದಕ್ಕೆ ಫೋಲ್ಡರ್ ಹೆಸರನ್ನು ನಂಬಬೇಡಿ. ಮೊದಲೇ ಒಂದು ಸಿಎಸ್‌ವಿ (ಸಾದಾ ಪಠ್ಯದ ಕೋಷ್ಟಕ) ಮಾಡಿ: ಒಂದು ಸಾಲು ಅಂದರೆ ಒಂದು ರನ್. ಅದರಲ್ಲಿ ಪ್ಯಾರಾಮೀಟರ್‌ಗಳು, ಸೀಡ್ (ಯಾದೃಚ್ಛಿಕ ಸಂಖ್ಯೆಗಳನ್ನು ಶುರು ಮಾಡುವ ಸಂಖ್ಯೆ), ಗಿಟ್ ಕಮಿಟ್ (ಕೋಡ್‌ನ ಯಾವ ಆವೃತ್ತಿ ಅನ್ನುವ ಗುರುತು) ಎಲ್ಲಾ ಇರಲಿ. ಸ್ಲರ್ಮ್ ಪ್ರತಿ ಜಾಬ್‌ಗೂ ಕೊಡುವ ಅರೇ ನಂಬರನ್ನೇ ಸಾಲಿನ ನಂಬರ್ ಮಾಡಿಕೊಂಡರೆ ಪ್ರೋಗ್ರಾಮ್ ತನ್ನ ಸಾಲನ್ನು ತಾನೇ ಓದಿಕೊಳ್ಳುತ್ತದೆ. ಇದನ್ನೆಲ್ಲ ನೀವೇ ಬರೆಯುವುದು ಬೇಡ ಅನಿಸಿದರೆ ಪೈಥಾನ್‌ನ ಸಿಗ್ನ್ಯಾಕ್ ಇದೇ ಕೆಲಸಕ್ಕೆ ಇದೆ.

ಸೀಡ್ ವಿಷಯದಲ್ಲಿ ಜಾಸ್ತಿ ಎಚ್ಚರ ಬೇಕು. ಗಡಿಯಾರದ ಸೆಕೆಂಡನ್ನು ಸೀಡ್ ಆಗಿ ಕೊಟ್ಟರೆ, ಒಂದೇ ಸೆಕೆಂಡಿನಲ್ಲಿ ಶುರುವಾದ ಐವತ್ತು ಜಾಬ್‌ಗಳಿಗೂ ಒಂದೇ ಸೀಡ್ ಸಿಗುತ್ತದೆ. ಐವತ್ತು ಸ್ಯಾಂಪಲ್ ಅಂತ ನೀವು ಸರಾಸರಿ ತೆಗೆಯುತ್ತೀರಿ, ಅಲ್ಲಿರುವುದು ಒಂದೇ ಸ್ಯಾಂಪಲ್. ಎಲ್ಲವೂ ಒಂದೇ ಆದರೆ ಎರರ್ ಬಾರ್ ಸೊನ್ನೆಯಾಗಿ ಸಿಕ್ಕಿಬೀಳಬಹುದು, ಆದರೆ ಕೆಲವಷ್ಟೇ ಒಂದೇ ಆದರೆ ಅದು ನಿಜಕ್ಕಿಂತ ಚಿಕ್ಕದಾಗಿ, ಚೆನ್ನಾಗಿ ಕಾಣುತ್ತದೆ, ಯಾರಿಗೂ ಸುಲಭವಾಗಿ ಅನುಮಾನ ಬರುವುದಿಲ್ಲ. ಪೈಥಾನ್‌ನ ನಂಪೈ ಲೈಬ್ರರಿಯಲ್ಲಿ ಸೀಡ್‌ಸೀಕ್ವೆನ್ಸ್ ಇದೆ, ಪ್ರತಿ ಜಾಬ್‌ಗೂ ಬೇರೆ ಸೀಡ್ ಕೊಡುವ ಅದರ ಸ್ಪಾನ್ ಬಳಸಿ.

ಫಲಿತಾಂಶವನ್ನು ಲಕ್ಷ ಚಿಕ್ಕ ಫೈಲ್‌ಗಳಾಗಿ ಬಿಡಬೇಡಿ. ಕ್ಲಸ್ಟರ್‌ನವರೆಲ್ಲ ಹಂಚಿಕೊಳ್ಳುವ ಲಸ್ಟರ್‌ನಂಥ ಫೈಲ್ ಸಿಸ್ಟಮ್‌ನಲ್ಲಿ ಫೈಲ್ ಪಟ್ಟಿ ತೋರಿಸುವ ಬರೀ ಎಲ್‌ಎಸ್ ಕೊಟ್ಟರೂ ಕಾಯುತ್ತಾ ಕೂರಬೇಕು, ಕ್ಲಸ್ಟರ್‌ನಲ್ಲಿರುವ ಬೇರೆಯವರಿಗೂ ತೊಂದರೆ. ಆಗಾಗ ಒಟ್ಟುಗೂಡಿಸಿ ಪಾರ್ಕೆಟ್ (ಕೋಷ್ಟಕವನ್ನು ಒತ್ತಾಗಿ ಇಡುವ ಫೈಲ್ ರೂಪ) ಮಾಡಿಡಿ. ಡಕ್‌ಡಿಬಿ ಎಂಬ ಡೇಟಾಬೇಸ್‌ನಲ್ಲಿ ಎಸ್‌ಕ್ಯೂಎಲ್ ಪ್ರಶ್ನೆ ಬರೆದು ನೇರವಾಗಿ ಆ ಫೈಲನ್ನೇ ಕೇಳಬಹುದು, ಸರ್ವರ್ ಬೇಡ. ಗ್ರಿಡ್ ರೂಪದ ಡೇಟಾ ಆದರೆ ಪೈಥಾನ್‌ನ ಎಕ್ಸ್‌ಅರೇ.

ಇನ್ನೊಂದು ಮಾತು. ಐದು ಪ್ಯಾರಾಮೀಟರ್, ಒಂದೊಂದಕ್ಕೆ ಹತ್ತು ಮೌಲ್ಯ ಅಂತ ಗ್ರಿಡ್ ಹಾಕಿದರೆ 1 ಲಕ್ಷ ರನ್ ಆಯಿತು. ಯಾವ ಪ್ಯಾರಾಮೀಟರ್ ಮುಖ್ಯ ಅಂತ ತಿಳಿಯುವುದಷ್ಟೇ ಬೇಕಿದ್ದರೆ ಪೈಥಾನ್‌ನ ಸಾಲಿಬ್ ಲೈಬ್ರರಿಯಲ್ಲಿರುವ ಸೋಬೋಲ್ ವಿಧಾನದಲ್ಲಿ, ಎರಡನೇ ಹಂತದ ಸೂಚ್ಯಂಕಗಳನ್ನು (ಎರಡೆರಡು ಪ್ಯಾರಾಮೀಟರ್‌ಗಳ ಜಂಟಿ ಪ್ರಭಾವ) ಬಿಟ್ಟು, 1024 ಮೂಲ ಸ್ಯಾಂಪಲ್ ಇಟ್ಟುಕೊಂಡರೆ 7168 ರನ್ ಆಗುತ್ತದೆ. ಕ್ಲಸ್ಟರ್‌ಗೆ ಅರ್ಜಿ ಹಾಕುವ ಮೊದಲು ಈ ಲೆಕ್ಕ ಹಾಕಿ ನೋಡಿ.