ಮೇಣದ ಪತಂಗದ ಕಿವಿ ಬಾವಲಿಯದಕ್ಕಿಂತ ಚುರುಕೇ?

ದೊಡ್ಡ ಕಂದು ಬಾವಲಿ ಮತ್ತು ಮೇಣದ ಪತಂಗ, ಇವೆರಡರಲ್ಲಿ ಯಾರ ಕಿವಿ ಚುರುಕು ಎಂದು ಕೇಳಿದ್ದೀರಿ. ಎತ್ತರದ ಸ್ಥಾಯಿಯನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ಪತಂಗವೇ ಮುಂದು. ಅದಕ್ಕೆ 300 ಕಿಲೋಹರ್ಟ್ಸ್‌ವರೆಗೂ ಕೇಳಿಸುತ್ತದೆ ಎಂದು ಗ್ಲಾಸ್ಗೋದ ಸ್ಟ್ರಾಥ್‌ಕ್ಲೈಡ್ ವಿಶ್ವವಿದ್ಯಾಲಯದವರು 2013ರಲ್ಲಿ ತೋರಿಸಿದರು. ನಮ್ಮ ಕಿವಿ 20ಕ್ಕೇ ಸುಸ್ತು. ಇದುವರೆಗೆ ತಿಳಿದಿರುವ ಯಾವ ಬಾವಲಿಯೂ 300ರಷ್ಟು ಮೇಲೆ ಕೂಗುವುದಿಲ್ಲ.

ಆದರೆ ‘ಚುರುಕು’ ಅನ್ನುವ ಮಾತೇ ಇಲ್ಲಿ ಸ್ವಲ್ಪ ದಾರಿ ತಪ್ಪಿಸುತ್ತದೆ. ಪತಂಗದ ಕಿವಿ (ಅದಿರುವುದು ತಲೆಯಲ್ಲಲ್ಲ, ಹೊಟ್ಟೆಯ ಬುಡದಲ್ಲಿ!) ಒಂದೊಂದರಲ್ಲಿ ಇರುವುದು ನಾಲ್ಕೇ ನಾಲ್ಕು ಶ್ರವಣ ಕೋಶ. ‘ಬಂತು, ಓಡು’ ಅನ್ನುವುದಕ್ಕೆ ಅಷ್ಟು ಸಾಕು. ಬಾವಲಿಯ ಕೆಲಸವೇ ಬೇರೆ. ತಾನು ಕೂಗಿದ್ದು ಮರಳಿ ಬಂದಾಗ, ಆ ಪ್ರತಿಧ್ವನಿಯಿಂದ ಬೇಟೆ ಎಷ್ಟು ದೂರ, ಯಾವ ದಿಕ್ಕು ಎಂಬುದನ್ನೆಲ್ಲ ಕತ್ತಲಲ್ಲೇ ಲೆಕ್ಕ ಹಾಕಬೇಕು. ಹತ್ತಿರವಾದಂತೆ ಕೂಗು ಸೆಕೆಂಡಿಗೆ ನೂರನ್ನೂ ದಾಟುತ್ತದೆ.

ಇನ್ನೊಂದು ವಿಷಯ: ಈ ಪತಂಗದ ಗಂಡು ಹೆಣ್ಣನ್ನು ಕರೆಯುವುದೂ ಶ್ರವಣಾತೀತ ದನಿಯಲ್ಲೇ. ಹಾಗಾಗಿ ಆ ಕಿವಿ ಬಾವಲಿಗೋಸ್ಕರ ಮಾತ್ರ ಇರುವುದು ಅಂದುಕೊಳ್ಳಬೇಡಿ.