ಕನಸಿನಲ್ಲೇ ಕ್ಷಮೆ ಕೇಳಿಸಿಬಿಟ್ಟೆ, ಮೂರನೇ ಭಾಗಕ್ಕೆ ಏನೂ ಉಳಿಯಲಿಲ್ಲ

ಪ್ರತಿ ಭಾಗದಲ್ಲೂ ನಾಯಕನಿಗೊಂದು ಕನಸು ಇಟ್ಟರೆ ಪಾತ್ರಕ್ಕೆ ಆಳ ಬರುತ್ತದಾ ಅಂತ ಕೇಳಿದ್ದೀರಿ. ನಾನೂ ಹಾಗೇ ನಂಬಿದ್ದೆ.

ಗದಗ-ಬೆಟಗೇರಿಯ ನೇಕಾರನೊಬ್ಬನ ಮೇಲೆ ಮೂರು ಭಾಗದ ಕಿರುಚಿತ್ರಕ್ಕೆ ಕೈ ಹಾಕಿದ್ದೆವು. ಮೊದಲ ಭಾಗದಲ್ಲಿ ಅವನು ಅಣ್ಣನಿಗೆ ಹೇಳದೆ ಮಗ್ಗ ಮಾರಿ ಹುಬ್ಬಳ್ಳಿಗೆ ಬಂದು ಬಟ್ಟೆ ಅಂಗಡಿ ಸೇರುತ್ತಾನೆ. ಕೊನೆಗೊಂದು ಕನಸು. ಖಾಲಿ ಮನೆ, ಮಗ್ಗವಿಲ್ಲ, ನೂಲಿಲ್ಲ, ಆದರೂ ಲಾಳಿ ಓಡುವ ಸದ್ದು. ಅದು ಚೆನ್ನಾಗಿ ಕೂತಿತ್ತು.

ಎಡವಿದ್ದು ಎರಡನೆಯದರಲ್ಲಿ. ಕನಸಿನಲ್ಲಿ ಅಣ್ಣ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತಿದ್ದಾನೆ. ತಮ್ಮ ಪಕ್ಕದಲ್ಲಿ ಕುಸಿದು ಅಳುತ್ತಾನೆ, ಅಣ್ಣ ತಲೆ ಸವರುತ್ತಾನೆ. ಪೂರ್ತಿ 4 ನಿಮಿಷ, ಹೊಗೆ, ಸ್ಲೋ ಮೋಷನ್. ಧಾರವಾಡದಲ್ಲಿ ತೋರಿಸಿದಾಗ ಬೆಟಗೇರಿಯ ಹಿರಿಯ ನೇಕಾರರೊಬ್ಬರು ಕೇಳಿದರು: "ತಮ್ಮಾ, ಇಬ್ರೂ ಕನಸಿನ್ಯಾಗ ಒಂದಾದ್ರಲ್ಲ. ಇನ್ನ ಮುಂದ ಏನ ತೋರಸ್ತಿ?"

ಹೊಗೆ ತೆಗೆದಿದ್ದರೆ ಸರಿಹೋಗುತ್ತಿತ್ತು ಅಂದುಕೊಳ್ಳಬೇಡಿ. ಇವನು ಯಾವಾಗ ಕ್ಷಮೆ ಕೇಳುತ್ತಾನೆ ಅನ್ನುವ ಒಂದೇ ಕಾತರದ ಮೇಲೆ ಮೂರೂ ಭಾಗ ನಿಂತಿದ್ದವು. ಅದನ್ನು ನಾನು ಕನಸಿನಲ್ಲಿ ಖರ್ಚು ಮಾಡಿಬಿಟ್ಟೆ. ಕನಸು ಅಂತ ಗೊತ್ತಿದ್ದೂ ಜನ ಅಳುತ್ತಾರೆ. ಒಮ್ಮೆ ಅತ್ತ ಮೇಲೆ ಅದೇ ಮಾತು ನಿಜವಾಗಿ ಆಡಿದರೂ ಹಳಸಲು ಅನಿಸುತ್ತದೆ. ಇನ್ನೂ ಒಂದಿದೆ. ತಲೆ ಸವರಿದ್ದು ಅಣ್ಣನಲ್ಲ, ತಮ್ಮನ ಆಸೆ. ನೋಡಿದವರು ಮಾತ್ರ ಅಣ್ಣ ಕರಗಿದ ಅಂತಲೇ ನಂಬಿದರು. ಅಲ್ಲಿಗೆ ಅಣ್ಣನ ಸಿಟ್ಟೂ ಹೋಯಿತು. ಮೂರನೇ ಭಾಗ ಮೂರು ಸಲ ಬರೆದೆ, ಏಳಲೇ ಇಲ್ಲ. ಕೂಡಿಟ್ಟ ದುಡ್ಡೂ ಮುಗಿಯಿತು.

ಹಾಲಿವುಡ್ ಚಿತ್ರ 'ಟರ್ಮಿನೇಟರ್ 2' (1991) ನೋಡಿ. 1984ರ ಮೊದಲ ಚಿತ್ರದಲ್ಲಿ ಹೋಟೆಲಿನಲ್ಲಿ ಬಡಿಸುತ್ತಿದ್ದ ಸಾರಾ ಕಾನರ್ ಇಲ್ಲಿ ಕಲ್ಲಾಗಿದ್ದಾಳೆ. ಮೇಜಿನ ಮುಂದೆ ಕೂತಲ್ಲೇ ನಿದ್ದೆಗೆ ಜಾರುತ್ತಾಳೆ. ಕನಸಿನಲ್ಲಿ ಮಕ್ಕಳು ಆಡುವ ಜಾಗ ಅಣುಬಾಂಬಿನ ಬೆಂಕಿಗೆ ಸುಟ್ಟುಹೋಗುತ್ತದೆ. ಎದ್ದವಳೇ ಬಂದೂಕು ಹಿಡಿದು, ಮುಂದೆ ಆ ವಿನಾಶಕ್ಕೆ ಕಾರಣನಾಗಲಿರುವ ಒಬ್ಬನನ್ನು ಕೊಲ್ಲಲು ಹೊರಡುತ್ತಾಳೆ. ಕನಸು ಅವಳಿಗೆ ಸಮಾಧಾನ ಕೊಡುವುದಿಲ್ಲ, ಕೂತಲ್ಲಿ ಕೂರಲು ಬಿಡುವುದಿಲ್ಲ.

ಹಾಗಾಗಿ ಭಾಗಕ್ಕೊಂದು ಕನಸು ಅನ್ನುವ ಲೆಕ್ಕವನ್ನೇ ಬಿಡಿ. ಎದ್ದ ಮೇಲೆ ಅವನು ಏನು ಮಾಡುತ್ತಾನೆ ಅಂತ ಗೊತ್ತಿಲ್ಲದಿದ್ದರೆ ಆ ಕನಸು ಬರೆಯಲೇಬೇಡಿ.

ನಾನೀಗ ಆ 4 ನಿಮಿಷವನ್ನು 20 ಸೆಕೆಂಡಿಗೆ ಇಳಿಸಿದ್ದೇನೆ. ಅಣ್ಣ ಬೆನ್ನು ಮಾಡಿ ನೇಯುತ್ತಿದ್ದಾನೆ, ತಿರುಗುವುದಿಲ್ಲ. ತಮ್ಮ ಎದ್ದು, ಮುಖ ತೊಳೆದು, ಬೆಳಗಿನ ಗದಗ ಬಸ್ಸು ಹತ್ತುತ್ತಾನೆ. ಮೂರನೇ ಭಾಗ ಆ ಬಸ್ಸಿನಿಂದಲೇ ಶುರು.